ಊರು ತನ್ನ ಪಾಡಿಗೆ ತಾನಿರುವ ಕಾಲ

ಜುಲೈನಲ್ಲಿ ಘಟ್ಟದ ಕಡೆ ಹೋಗಿ ಬಂದೆ ಅಂದರೆ ಜನ ಕೇಳುವುದು ಒಂದೇ ಪ್ರಶ್ನೆ. ಏನೇನ್ ನೋಡಿದ್ರಿ? ಈ ಪ್ರಶ್ನೆ ನನ್ನನ್ನು ಸುಮಾರು ವರ್ಷಗಳಿಂದ ಕಾಡುತ್ತಿದೆ, ಯಾಕೆಂದರೆ ನಿಜ ಹೇಳಬೇಕು ಅಂದರೆ ನೋಡಿದ್ದು ಏನೂ ಇರುವುದಿಲ್ಲ. ಜೋಗದ ಎದುರು ತುಂಬಾ ಹೊತ್ತು ನಿಂತಿದ್ದೆ. 253 ಮೀಟರ್ ಎತ್ತರದಿಂದ ನೀರು ಬೀಳುತ್ತಿದೆ ಅನ್ನುವುದಕ್ಕೆ ಅವತ್ತು ಇದ್ದ ಸಾಕ್ಷಿ ಶಬ್ದ ಮಾತ್ರ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಮಂಜಿನೊಳಗೆ. ಪಕ್ಕದಲ್ಲಿದ್ದ ಒಬ್ಬರು, ಪಾಪ, ಮಕ್ಕಳಿಗೆ ಬಿಳಿ ಮಂಜಿನತ್ತ ಕೈ ತೋರಿಸಿ "ಅಗೋ ಅದು ರಾಜ, ಅದರ ಪಕ್ಕ ರಾಣಿ" ಅಂತ ಅಂದಾಜಿನ ಮೇಲೆ ಪರಿಚಯ ಮಾಡಿಸುತ್ತಿದ್ದರು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗಕ್ಕೂ ಹೋದೆ. ಸೂರ್ಯನ ಮಾತು ಬಿಡಿ, ಕಟ್ಟೆಯ ಆಚೆ ಕಣಿವೆ ಇದೆ ಅನ್ನುವುದನ್ನೇ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಫೋನಿನಲ್ಲಿ ಉಳಿದಿದ್ದು ಸಾಲು ಸಾಲು ಬೂದು ಬಣ್ಣದ ಫೋಟೊ. ಯಾವುದು ಜೋಗ, ಯಾವುದು ಆಗುಂಬೆ ಅಂತ ದಿನಾಂಕ ನೋಡಿಯೇ ಹೇಳಬೇಕು.

ಆದರೂ ಜೂನ್ ಬಂತು ಅಂದರೆ ಕಾಲು ನಿಲ್ಲುವುದಿಲ್ಲ. ಮಳೆಗಾಲದ ಪ್ರವಾಸ ಯಾಕೆ ಇಷ್ಟ ಅಂತ ಕೇಳಿದರೆ ಎಲ್ಲರೂ ಹೇಳುವುದು ಹಸಿರು, ಜಲಪಾತ, ತಂಪು ಗಾಳಿ. ನಾನೂ ಮೊದಮೊದಲು ಅದನ್ನೇ ಹೇಳುತ್ತಿದ್ದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಹಸಿರು ಸೆಪ್ಟೆಂಬರ್ ಕೊನೆಯಲ್ಲೂ ಇರುತ್ತದೆ, ಅಕ್ಟೋಬರ್‌ನಲ್ಲೂ ಇರುತ್ತದೆ. ಜಲಪಾತದಲ್ಲಿ ಆಗಲೂ ನೀರಿರುತ್ತದೆ, ಮಂಜಿರುವುದಿಲ್ಲ. ಬಟ್ಟೆ ಒಣಗುತ್ತದೆ, ರಸ್ತೆ ತೆರೆದಿರುತ್ತದೆ, ಕರೆಂಟಿರುತ್ತದೆ. ನೋಡುವುದಕ್ಕೇ ಹೋಗುವುದಾದರೆ ಜಡಿಮಳೆಯಲ್ಲಿ ಹೋಗುವುದಕ್ಕೆ ಒಂದು ಕಾರಣವೂ ಇಲ್ಲ. ಹಾಗಾದರೆ ಇನ್ನೇನೋ ಇದೆ ಅಲ್ವಾ? ಅದೇನು ಅಂತ ಈ ಬರಹದಲ್ಲಿ ಹುಡುಕಿಕೊಳ್ಳುತ್ತಿದ್ದೇನೆ.

ನಮಗಾಗಿ ಕಾಯದ ಊರು

ಡಿಸೆಂಬರ್‌ನಲ್ಲಿ ಕರಾವಳಿಗೆ ಹೋಗಿ. ಇಡೀ ತೀರ ನಿಮ್ಮ ಕಡೆ ಮುಖ ಮಾಡಿ ನಿಂತಿರುತ್ತದೆ. ಬೋಟು ಬೇಕಾ, ರೂಮು ಬೇಕಾ, ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡ್ತೀರಾ. ರಾತ್ರಿಯಾದರೆ ಎಲ್ಲೋ ಒಂದು ಕಡೆ ಯಕ್ಷಗಾನ, ಇನ್ನೊಂದು ಕಡೆ ಕೋಲ, ಮತ್ತೊಂದು ಕಡೆ ಕಂಬಳ. ಅದೂ ಚೆನ್ನಾಗಿಯೇ ಇರುತ್ತದೆ, ದೂರುತ್ತಿಲ್ಲ. ಆದರೆ ಆಗ ನೀವು ಗಿರಾಕಿ. ಊರು ನಿಮ್ಮನ್ನು ನೋಡಿದ ಕೂಡಲೇ ಏನನ್ನೋ ತೋರಿಸಲು ಶುರು ಮಾಡುತ್ತದೆ.

ಮೇ ಕೊನೆಗೆ ಇದೆಲ್ಲ ಒಂದೊಂದಾಗಿ ನಿಲ್ಲುತ್ತದೆ. ತುಳುವರ ಪತ್ತನಾಜೆಯ ದಿನ ಬಂದರೆ ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತುಳುನಾಡಿನಲ್ಲಿ ಕೋಲ, ನೇಮಗಳೂ ಮುಗಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ, ಸಮುದ್ರವೂ ಹದ್ದುಬಸ್ತಿನಲ್ಲಿ ಇರುವುದಿಲ್ಲ. ನೇತ್ರಾಣಿಯ ಸ್ಕೂಬಾ ಬಂದ್. ಬೀಚುಗಳಲ್ಲಿ ಕೆಂಪು ಬಾವುಟ. ನೀರಿಗೆ ಕಾಲಿಟ್ಟರೆ ಸೀಟಿ ಊದುತ್ತಾರೆ, ಊದಲೇಬೇಕು. ಊರು ಮದುವೆಯ ಮರುದಿನದ ಮನೆಯ ಹಾಗಿರುತ್ತದೆ. ನೆಂಟರು ಹೋಗಿದ್ದಾರೆ, ಚಪ್ಪರ ಅರ್ಧ ಬಿಚ್ಚಿದೆ, ಮನೆಯವರು ಅಡುಗೆಮನೆಯಲ್ಲಿ ಕೂತು ಉಳಿದ ಸಾರಿಗೆ ಅನ್ನ ಕಲಸಿಕೊಂಡು ಸಮಾಧಾನವಾಗಿ ಮಾತಾಡುತ್ತಿದ್ದಾರೆ.

ಒಂದು ವರ್ಷ ಜೂನ್ ಕೊನೆಯಲ್ಲಿ ಗಂಗೊಳ್ಳಿಯ ಬಂದರಿನಲ್ಲಿ ಅಡ್ಡಾಡುತ್ತಿದ್ದೆ. ದೋಣಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕೆಲವನ್ನು ದಡಕ್ಕೆ ಎಳೆದು ತೆಂಗಿನ ಗರಿ, ಟಾರ್ಪಾಲು ಹೊದಿಸಿದ್ದರು. ಒಂದು ಶೆಡ್ಡಿನಲ್ಲಿ ನಾಲ್ಕೈದು ಜನ ನೆಲದ ಮೇಲೆ ಬಲೆ ಹರಡಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಯಾರೂ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಒಬ್ಬರು ಹಲ್ಲಿನಲ್ಲಿ ದಾರ ಕಡಿಯುತ್ತಾ ಯಾವ ಊರು ಅಂತ ಕೇಳಿದರು, ಹೇಳಿದೆ. ಅಷ್ಟೇ. ಮತ್ತೆ ಅವರವರ ಮಾತು ಮುಂದುವರಿಯಿತು. ಯಾರದ್ದೋ ಮಗಳ ಕಾಲೇಜು ಸೀಟು, ಡೀಸೆಲ್ ಸಬ್ಸಿಡಿ, ಕಳೆದ ವರ್ಷ ಬಂಗುಡೆ ಕೈಕೊಟ್ಟ ಕಥೆ. ಮಳೆ ಶೀಟಿನ ಮೇಲೆ ಹೊಡೆಯುತ್ತಿದ್ದರಿಂದ ಎಲ್ಲರೂ ಸ್ವಲ್ಪ ಕೂಗಿಯೇ ಮಾತಾಡುತ್ತಿದ್ದರು. ನಾನು ಅಲ್ಲೇ ಒಂದು ಹಗ್ಗದ ಸುರುಳಿಯ ಮೇಲೆ ಕೂತೆ. ಏನೂ ಆಗಲಿಲ್ಲ, ಸುಮ್ನೆ ಕೂತಿದ್ದೆ. ಅವತ್ತು ಹೊರಗೆ ಬರುವಾಗ ಆದಷ್ಟು ಖುಷಿ ನನಗೆ ಯಾವ ವ್ಯೂ ಪಾಯಿಂಟಿನಲ್ಲೂ ಆಗಿಲ್ಲ.

ನನಗೆ ಸಿಕ್ಕಿದ ಉತ್ತರ ಇಲ್ಲಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ಊರಿಗೆ ನನ್ನ ಅಗತ್ಯ ಇಲ್ಲ. ಅದು ತನ್ನ ಕೆಲಸದಲ್ಲಿ ಇರುತ್ತದೆ, ಇಲ್ಲವೇ ತನ್ನ ಬಿಡುವಿನಲ್ಲಿ ಇರುತ್ತದೆ. ಎರಡರಲ್ಲೂ ನನಗೆ ಪಾತ್ರ ಇಲ್ಲ. ವರ್ಷವಿಡೀ ಎಲ್ಲಿ ಹೋದರೂ ಗಿರಾಕಿಯಾಗಿಯೇ ಇರುವ ನಮ್ಮಂಥವರಿಗೆ ಇದು ಎಂಥ ಬಿಡುಗಡೆ ಅಂತ ಅನುಭವಿಸಿದವರಿಗೇ ಗೊತ್ತು.

ಚಾರ್ಮಾಡಿಯಲ್ಲಿ ಒಂದು ಮರ

ಮಳೆಗಾಲದಲ್ಲಿ ಸ್ವಂತ ಕಾರಿನಲ್ಲಿ ಘಟ್ಟ ಇಳಿಯುವುದು ನನಗೆ ಹಿಡಿಸುವುದಿಲ್ಲ. ಕಣ್ಣು ರಸ್ತೆಯ ಮೇಲೆ, ಮನಸ್ಸು ಬ್ರೇಕಿನ ಮೇಲೆ, ವೈಪರ್ ಅತ್ತಿಂದಿತ್ತ. ಬಸ್ಸೇ ಸರಿ. ಡ್ರೈವರ್‌ಗೆ ಪ್ರತಿ ತಿರುವೂ ಬಾಯಿಪಾಠ, ನಮಗೆ ಕಿಟಕಿ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆ ಇರಬಹುದು, ಬೆಳಕು ನೋಡಿದರೆ ಸಂಜೆ ಏಳು ಅನ್ನಬೇಕು. ಒಂದು ತಿರುವು ದಾಟಿದ ಮೇಲೆ ಬಸ್ಸು ನಿಂತಿತು. ಮುಂದೆ ಮರ ಬಿದ್ದಿತ್ತು. ದೊಡ್ಡ ಮರ, ಬುಡದಲ್ಲಿ ಮಣ್ಣಿನ ಮುದ್ದೆ ಕಚ್ಚಿಕೊಂಡೇ ಬಂದಿತ್ತು. ಡ್ರೈವರ್ ಇಂಜಿನ್ ಆಫ್ ಮಾಡಿದರು. ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ ನೋಡಿ, ಹೊರಗೆ ಎಷ್ಟು ಥರದ ನೀರಿನ ಶಬ್ದ ಇದೆ ಅಂತ. ತಗಡಿನ ಮೇಲೆ ಬೀಳುವುದು ಒಂದು, ಎಲೆಯಿಂದ ಎಲೆಗೆ ತೊಟ್ಟಿಕ್ಕುವುದು ಇನ್ನೊಂದು, ಬಂಡೆಯ ಮೇಲಿಂದ ರಸ್ತೆಗೆ ಸುರಿಯುವುದು ಬೇರೆ, ಎಲ್ಲಕ್ಕಿಂತ ಕೆಳಗೆ ಕಣಿವೆಯಲ್ಲಿ ಹರಿಯುತ್ತಿರುವುದರ ಮೊರೆತ ಬೇರೆ.

"ಎಷ್ಟು ಹೊತ್ತಾಗಬಹುದು" ಅಂತ ಕೇಳಿದವರು ನಾನು ಮತ್ತು ಮುಂದಿನ ಸೀಟಿನ ಒಬ್ಬ ಹುಡುಗ ಮಾತ್ರ. ಇಬ್ಬರ ಕೈಯಲ್ಲೂ ಸಿಗ್ನಲ್ ಇಲ್ಲದ ಫೋನ್. ಉಳಿದವರಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಹಿಂದಿನ ಸೀಟಿನಿಂದ ಒಬ್ಬರು ಎದ್ದು ಚೀಲದಿಂದ ಕತ್ತಿ ತೆಗೆದರು. ಬಸ್ಸಿನಲ್ಲಿ ಕತ್ತಿ ಇಟ್ಟುಕೊಂಡು ಓಡಾಡುವುದನ್ನು ಬೆಂಗಳೂರಿನಲ್ಲಿ ಊಹೆ ಮಾಡಿಕೊಳ್ಳಿ. ಕಂಡಕ್ಟರ್ ಕೊಡೆ ಬಿಚ್ಚಿ ಅವರ ಹಿಂದೆ ಹೋದರು. ಸಣ್ಣ ಕೊಂಬೆಗಳನ್ನು ಸವರಿದ್ದಾಯಿತು, ಬೈಕುಗಳು ಅದರಡಿ ತೂರಿಕೊಂಡು ಹೋದವು. ಕಾಂಡ ಮಾತ್ರ ಕತ್ತಿಗೆ ಬಗ್ಗುವ ಪೈಕಿ ಅಲ್ಲ. ಕೆಳಗಿನಿಂದ ಬಂದ ಜೀಪಿನವರು ಮಿಷನ್ ಗರಗಸ ತರಲು ವಾಪಸ್ ಹೋದರು.

ಇನ್ನು ಬಸ್ಸಿನೊಳಗೆ. ಒಬ್ಬ ಹೆಂಗಸು ಹಲಸಿನಕಾಯಿ ಚಿಪ್ಸಿನ ಪೊಟ್ಟಣ ಬಿಚ್ಚಿ ಅಕ್ಕಪಕ್ಕದವರಿಗೆ ಹಂಚಿದರು. ಅದು ಮಗಳ ಮನೆಗೆ ಅಂತ ಒಯ್ಯುತ್ತಿದ್ದದ್ದು, ಪಾಪ. ಇಬ್ಬರು ಅಡಿಕೆಯವರು ಕೊಳೆ ರೋಗದ ಬಗ್ಗೆ ಗಂಭೀರ ಚರ್ಚೆಯಲ್ಲಿದ್ದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆದಿದ್ದಾರೆ, ಎರಡನೆಯದಕ್ಕೆ ಹೊಳವೇ ಸಿಗುತ್ತಿಲ್ಲ. ಎರಡು ದಿನ ಮಳೆ ಬಿಟ್ಟರೆ ಸಾಕು, ಆದರೆ ಆ ಎರಡು ದಿನಕ್ಕೆ ಮರ ಹತ್ತುವವರು ಸಿಗಬೇಕು, ಎಲ್ಲರ ತೋಟಕ್ಕೂ ಅದೇ ಎರಡು ದಿನ ಬೇಕು. ನಾನು ಬೆಂಗಳೂರಿನಲ್ಲಿ ಕೂತು "ಇವತ್ತು ಮಳೆ ಬರ್ಲಪ್ಪ" ಅನ್ನುವುದಕ್ಕೂ ಇವರು ಇಲ್ಲಿ ಆಕಾಶ ನೋಡುವುದಕ್ಕೂ ಎಷ್ಟು ದೂರ! ಮಾತಿನ ಮಧ್ಯೆ ಅವರಲ್ಲಿ ಹಿರಿಯರು ನನ್ನ ಕಡೆ ತಿರುಗಿ, "ಆ ಸೀಟು ಸೋರ್ತದೆ, ಈಚೆ ಬನ್ನಿ" ಅಂದರು. ಭುಜ ಆಗಲೇ ಒದ್ದೆಯಾಗಿತ್ತು. ಈಚೆ ಬಂದೆ. ಆಮೇಲೆ ಕೊಳೆ ರೋಗದ ಚರ್ಚೆಗೆ ನಾನೂ ಒಬ್ಬ ಶ್ರೋತೃ.

ಗರಗಸ ಬಂದು, ಕಾಂಡ ತುಂಡಾಗಿ, ಎಲ್ಲರೂ ಇಳಿದು ಉರುಳಿಸಿ, ಬಸ್ಸು ಹೊರಡುವಾಗ ಕತ್ತಲಾಗಿತ್ತು. ಉಜಿರೆಯಲ್ಲಿ ಇಳಿದಾಗ ಯಾರೂ ಯಾರಿಗೂ ದೊಡ್ಡದಾಗಿ ಟಾಟಾ ಹೇಳಲಿಲ್ಲ. ಇದನ್ನು "ಸಾಹಸ" ಅಂತ ಹೇಳಿಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅಲ್ಲಿದ್ದವರಿಗೆ ಅದು ಇನ್ನೊಂದು ಮಾಮೂಲಿ ಮಂಗಳವಾರ, ಅಷ್ಟೇ.

ಇಂಚಿನ ಲೆಕ್ಕ

ಕೊಪ್ಪದ ಕಡೆ ಸ್ನೇಹಿತರೊಬ್ಬರ ದೊಡ್ಡಪ್ಪನ ಮನೆ ಇದೆ. ಕಾಫಿ, ಅಡಿಕೆ, ನಡುವೆ ಮೆಣಸು. ಅಂಗಳದಲ್ಲಿ ಮರದ ನೆರಳು ಬೀಳದ ಕಡೆ ಒಂದು ಮಳೆ ಅಳೆಯುವ ಡಬ್ಬಿ. ಬೆಳಿಗ್ಗೆ ಕಾಫಿ ಕುಡಿದು, ಕೊಡೆ ಹಿಡಿದು ಹೋಗಿ, ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕನ್ನಡಕ ಮೇಲೆತ್ತಿ ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆಯುವುದು ಅವರ ದಿನದ ಮೊದಲ ಕೆಲಸ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ದೊಡ್ಡಪ್ಪನದೂ ಹೆಚ್ಚುಕಡಿಮೆ ಅದೇ ಹೊತ್ತು. ಇಲಾಖೆ ಮಿಲಿಮೀಟರಿನಲ್ಲಿ ಮಾತಾಡುತ್ತದೆ, ಕಾಫಿ ಸೀಮೆಯವರು ಇವತ್ತಿಗೂ ಇಂಚು ಮತ್ತು ಸೆಂಟ್ಸಿನಲ್ಲಿ. ನೂರು ಸೆಂಟಿಗೆ ಒಂದು ಇಂಚು.

ಬರೆದಾದ ಮೇಲೆ ಫೋನು. ಆ ಕಡೆಯವರು ಹಲೋ ಅನ್ನುವುದೂ ಇಲ್ಲ. "ನಿಮ್ಮಲ್ಲಿ ಎಷ್ಟು?" "ನಾಲ್ಕು ಇಪ್ಪತ್ತು." "ನಮ್ಮಲ್ಲಿ ಐದು ಹತ್ತು." ಐದು ಹತ್ತು ಅಂದವರ ದನಿಯಲ್ಲಿ ಒಂದು ಸಣ್ಣ ಜಂಬ ಇರುತ್ತದೆ. ತೋಟ ಕೊಳೆಯುತ್ತಿದ್ದರೂ ಸರಿ, ಪಕ್ಕದ ಎಸ್ಟೇಟಿಗಿಂತ ನಮಗೆ ಜಾಸ್ತಿ ಬಿತ್ತು ಅನ್ನುವುದರಲ್ಲಿ ಅದೇನೋ ಸುಖ. ಕಪಾಟಿನಲ್ಲಿ ಅವರ ಅಪ್ಪ ಬರೆದಿಟ್ಟ ಡೈರಿಗಳೂ ಇವೆ, ಮಸಿ ಹರಡಿಕೊಂಡಿರುವ ಅಂಕಿಗಳು. ಯಾರಾದರೂ "ಈಗ ಮೊದಲಿನ ಹಾಗೆ ಮಳೆ ಇಲ್ಲ ಬಿಡಿ" ಅಂದರೆ ದೊಡ್ಡಪ್ಪ ಎದ್ದು ಡೈರಿ ತರುತ್ತಾರೆ. ಒಮ್ಮೊಮ್ಮೆ ಅಂದವರು ಗೆಲ್ಲುತ್ತಾರೆ, ಒಮ್ಮೊಮ್ಮೆ ಡೈರಿ. ಒಟ್ಟು ಮಳೆ ಅಷ್ಟೇ ಇದ್ದರೂ ಬೀಳುವ ರೀತಿ ಕೆಟ್ಟಿದೆ ಅನ್ನುವುದು ಅವರ ವಾದ. ಬಂದರೆ ಒಂದೇ ಸಲ ಬರುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಪತ್ತೆ ಇಲ್ಲ.

ಈ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ, ಮಳೆ ನಕ್ಷತ್ರಗಳದು. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತ ಗಾದೆ, ಈ ಸಲ ಹುಯ್ದಿಲ್ಲ. ಪುನರ್ವಸು ಪರವಾಗಿಲ್ಲ. ಪುಷ್ಯ ಹೇಗಿರುತ್ತೋ ನೋಡಬೇಕು. ಇನ್ನು ಜೋಗದ ಮೇಲಿರುವ ಲಿಂಗನಮಕ್ಕಿ ಅಣೆಕಟ್ಟು ಎಷ್ಟು ಅಡಿ ಆಯಿತು ಅನ್ನುವುದು ಮೂರನೆಯ ಲೆಕ್ಕ. 1819 ಅಡಿ ತುಂಬಿದರೆ ಬಾಗಿಲು ತೆಗೆಯುತ್ತಾರೆ, ಆಗ ಜೋಗ ಜೋಗವಾಗುತ್ತದೆ. ಮೂರೂ ಲೆಕ್ಕ ಒಂದೇ ಮಾತಿನಲ್ಲಿ ಬರುತ್ತವೆ, ಯಾವ ಗೊಂದಲವೂ ಇಲ್ಲ.

ಹೊರಗಿನವರಿಗೆ ಈ ಅಂಕಿಗಳ ತೂಕ ಸುಲಭಕ್ಕೆ ಗೊತ್ತಾಗುವುದಿಲ್ಲ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸರಾಸರಿ ಸಾವಿರ ಮಿಲಿಮೀಟರಿನ ಒಳಗೆ, ನಲವತ್ತು ಇಂಚೂ ಇಲ್ಲ. ಅಷ್ಟಕ್ಕೇ ನಮ್ಮ ಅಂಡರ್‌ಪಾಸುಗಳ ಕಥೆ ನಿಮಗೆ ಗೊತ್ತು. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ. ಜುಲೈ ಒಂದೇ ತಿಂಗಳಲ್ಲಿ ಬೆಂಗಳೂರಿನ ವರ್ಷದ ಮಳೆಯ ಎರಡು ಪಟ್ಟಿಗಿಂತ ಹೆಚ್ಚು. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ, ಗಾಳಿ ಮೇಲೇರಲೇಬೇಕು, ಏರಿದರೆ ತಣ್ಣಗಾಗಲೇಬೇಕು, ತಣ್ಣಗಾದರೆ ಇಳಿಸಲೇಬೇಕು. ಹಾಗಾಗಿ ಹೊರೆಯೆಲ್ಲ ಈ ಕಡೆಯೇ ಇಳಿದು, ಆಚೆ ದಾಟುವಾಗ ಗಾಳಿ ಬರಿಗೈ. ಬಸ್ಸಿನಲ್ಲಿ ಆಗುಂಬೆಯಿಂದ ಪೂರ್ವಕ್ಕೆ ಹೊರಟರೆ ಇದು ಕಣ್ಣೆದುರೇ ಆಗುತ್ತದೆ. ತೀರ್ಥಹಳ್ಳಿಯವರೆಗೂ ಜಡಿಮಳೆ, ಶಿವಮೊಗ್ಗದಲ್ಲಿ ತುಂತುರು, ಚಿತ್ರದುರ್ಗದ ಹೊತ್ತಿಗೆ ಜನ ಮೆಕ್ಕೆಜೋಳದ ಹೊಲದಲ್ಲಿ ನಿಂತು ಮೋಡ ಹುಡುಕುತ್ತಿರುತ್ತಾರೆ. ಒಂದೇ ದಿನದಲ್ಲಿ ಇಷ್ಟು ಬದಲಾವಣೆಯನ್ನು ಟಿಕೆಟ್ ದುಡ್ಡಿಗೆ ತೋರಿಸುವ ಪ್ರವಾಸ ಬೇರೆ ಯಾವುದಿದೆ!

ಆ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಬಚ್ಚಲು. ನಗಬೇಡಿ. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಬಚ್ಚಲ ಒಲೆ ಆರುವುದೇ ಇಲ್ಲ. ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಒದ್ದೆ ಕಟ್ಟಿಗೆ, ಏನು ಹಾಕಿದರೂ ಹೊಗೆಯಾಡುತ್ತಾ ಉರಿಯುತ್ತದೆ. ಮೇಲೆ ಅಡ್ಡಡ್ಡ ಕಟ್ಟಿದ ಹಗ್ಗದ ಮೇಲೆ ಮನೆಮಂದಿಯ ಬಟ್ಟೆಯೆಲ್ಲ. ಮಕ್ಕಳ ಯೂನಿಫಾರ್ಮ್, ಹಿರಿಯರ ಪಂಚೆ, ನನ್ನ ಜೀನ್ಸ್ ಪ್ಯಾಂಟು. ಜೀನ್ಸು ನಾನಿರುವಷ್ಟು ದಿನವೂ ಒಣಗಲಿಲ್ಲ ಅನ್ನುವುದು ಬೇರೆ ಮಾತು. ಕರೆಂಟು ಹೋಗಿ ಯಾವುದೋ ಕಾಲವಾಗಿತ್ತು, ಎಲ್ಲಿ ತಂತಿ ತುಂಡಾಗಿದೆ ಅಂತ ಹುಡುಕುವುದೇ ಲೈನ್‌ಮನ್‌ಗೆ ಒಂದು ದಿನದ ಕೆಲಸವಂತೆ. ಸಂಜೆ ಆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಬರುತ್ತಿದ್ದರು. ಕೆಂಡದ ಮೇಲೆ ಹಲಸಿನ ಹಪ್ಪಳ ಸುಡುತ್ತಿದ್ದರು. ಕತ್ತಲಲ್ಲಿ ಮಾತು ನಿಧಾನವಾಗುತ್ತದೆ, ಮಧ್ಯೆ ಮಧ್ಯೆ ಯಾರೂ ಏನೂ ಮಾತಾಡದಿದ್ದರೂ ಮುಜುಗರ ಆಗುವುದಿಲ್ಲ, ಮಳೆಯ ಸದ್ದು ಆ ಜಾಗ ತುಂಬಿಸುತ್ತದೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ, "ಬ್ಯಾಸಿಗೆಲಿ ಬಂದಿದ್ರೆ ಎಲ್ಲಾದ್ರೂ ಕರ್ಕೊಂಡು ಹೋಗಬಹುದಿತ್ತು, ಈಗ ಬಂದ್ರೆ ಏನ್ ತೋರ್ಸೋದು" ಅಂತ ನೊಂದುಕೊಂಡರು. ನನಗೆ ಬೇಕಾದ್ದೇ ಇದು ಅಂತ ಅವರಿಗೆ ಹೇಳಿದರೆ ಉಪಚಾರಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರು.

ಕಣ್ಣಿಗೆ ರಜೆ

ಕಣ್ಣಿಗೆ ಏನೂ ಸಿಗದಿದ್ದಾಗ ಕಿವಿ ಚುರುಕಾಗುತ್ತದೆ. ಆ ಮನೆಯ ಹಿಂದೆ ಒಂದು ಹಳ್ಳ. ರಾತ್ರಿ ಮಳೆ ಸ್ವಲ್ಪ ಸಣ್ಣಗಾದರೆ ಸಾಕು, ಕಪ್ಪೆಗಳು ಶುರು. ಒಂದೊಂದರದು ಒಂದೊಂದು ಸ್ವರ, ಎಲ್ಲವೂ ಗಂಡುಗಳು, ಎಲ್ಲವೂ ಹೆಣ್ಣಿಗಾಗಿ. ಘಟ್ಟದ ಬಹುಪಾಲು ಕಪ್ಪೆಗಳಿಗೆ ಇದೇ ಸಂಸಾರದ ಕಾಲ. ಮಲಬಾರ್ ಹಾರುಕಪ್ಪೆ ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ. ಮರಿಯಾದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಉತ್ತರ ಕನ್ನಡದ ಕಾಡಿನ ತೊರೆಗಳಲ್ಲಿ ಕುಂಬಾರ ಕಪ್ಪೆ ಅಂತ ಒಂದಿದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಅಂತ ಗುರುತಿಸಿದ್ದು 2014ರಲ್ಲಿ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕೆಸರು ತಂದು ಮುಂಗಾಲಿನಲ್ಲಿ ಅದರ ಮೇಲೆ ಮೆತ್ತುತ್ತದೆ. ಇಷ್ಟು ಕಾಲ ನಮ್ಮ ಪಕ್ಕದಲ್ಲೇ ಮಣ್ಣು ಮೆತ್ತಿಕೊಂಡು ಕೂತಿದ್ದ ಪ್ರಾಣಿ, ಮಳೆಗಾಲದ ರಾತ್ರಿ ಹಳ್ಳದಲ್ಲಿ ಟಾರ್ಚ್ ಹಿಡಿದು ನಿಂತವರಿಗೆ ಮಾತ್ರ ಸಿಕ್ಕಿದ್ದು. ನಾನು ಕುಂಬಾರ ಕಪ್ಪೆಯನ್ನು ಕಂಡಿಲ್ಲ. ಅದು ಎಲ್ಲೋ ಕೆಲಸದಲ್ಲಿದೆ ಅಂತ ಗೊತ್ತಿದ್ದರೆ ನನಗೆ ಸಾಕು.

ಇಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮಲೆನಾಡಿನವರು ಕ್ಷಮಿಸುವುದಿಲ್ಲ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಜೊಲ್ಲಿನಲ್ಲೇ ಮದ್ದು ಇಟ್ಟುಕೊಂಡಿರುತ್ತದೆ, ಆದ್ದರಿಂದ ಬಿಟ್ಟು ಹೋದ ಮೇಲೂ ಸೋರುತ್ತಲೇ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು, ನಶ್ಯ, ಒಬ್ಬೊಬ್ಬರದು ಒಂದೊಂದು ಔಷಧಿ. ರೋಗ ತರುವುದಿಲ್ಲ, ನೋವೂ ಇಲ್ಲ, ಬರೀ ಕೆರೆತ. ಇಂಬಳದ ಹೆದರಿಕೆಗೆ ಮಳೆಗಾಲ ತಪ್ಪಿಸಿಕೊಳ್ಳುವವರ ಬಗ್ಗೆ ನನಗೆ ಕನಿಕರ ಇದೆ. ಜೊತೆಗೆ ಕರೆದುಕೊಂಡು ಹೋಗುವಷ್ಟು ಕನಿಕರ ಮಾತ್ರ ಇಲ್ಲ.

ಮಳೆಗೆ ಒಪ್ಪಿಕೊಂಡ ರೈಲು

ಕೊಂಕಣ ರೈಲ್ವೆಯ ಒಂದು ಅಭ್ಯಾಸ ನನಗೆ ತುಂಬಾ ಮೆಚ್ಚುಗೆ. ಪ್ರತಿ ವರ್ಷ ಜೂನ್‌ನಲ್ಲಿ ಅದು ಮಳೆಗಾಲದ ವೇಳಾಪಟ್ಟಿಗೆ ಬದಲಾಗುತ್ತದೆ. ರೈಲುಗಳ ವೇಗ ಇಳಿಸುತ್ತಾರೆ, ಹೊರಡುವ, ತಲುಪುವ ಹೊತ್ತು ಬದಲಾಗುತ್ತದೆ. ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಅಂತ ಚಾಲಕರಿಗೆ ಸೂಚನೆ. ಗುಡ್ಡ ಕಡಿದ ಕಡೆಗಳಲ್ಲಿ ಹಗಲು ರಾತ್ರಿ ಹಳಿ ಕಾಯುವವರು ಓಡಾಡುತ್ತಾರೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಬಂಡೆ ಕೊರೆದು, ನದಿ ದಾಟಿ ಹಳಿ ಹಾಕಿದ ಸಂಸ್ಥೆ, ವರ್ಷದ ನಾಲ್ಕು ತಿಂಗಳು ಮಾತ್ರ ನಿನ್ನದೇ ದರಬಾರು ಅಂತ ಮಳೆಗೆ ಲಿಖಿತವಾಗಿ ಬರೆದುಕೊಟ್ಟಿದೆ. ನಮ್ಮ ಊರುಗಳನ್ನು ಕಟ್ಟುವವರಿಗೂ ಇಷ್ಟು ಬುದ್ಧಿ ಇದ್ದಿದ್ದರೆ ಅಂತ ಅನ್ನಿಸುತ್ತದೆ, ಇರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಹಳಿಯೂ ಹಾಗೆಯೇ, 55 ಕಿಲೋಮೀಟರಿನಲ್ಲಿ 57 ಸುರಂಗ. ಕತ್ತಲು, ಮಂಜು, ಮತ್ತೆ ಕತ್ತಲು. ಎಡಕುಮೇರಿಯಲ್ಲಿ ರೈಲು ಸುಮ್ಮನೆ ನಿಂತರೆ ಇಳಿದು ಪ್ಲಾಟ್‌ಫಾರಂ ಮೇಲೆ ನಿಂತುಕೊಳ್ಳಬಹುದು. ನಿಲ್ದಾಣ ಇದೆ, ಊರು ಅಂತ ಹೇಳಿಕೊಳ್ಳುವಂಥದ್ದು ಸುತ್ತ ಏನೂ ಇಲ್ಲ. ಗುಡ್ಡ ಕುಸಿದ ವರ್ಷಗಳಲ್ಲಿ ಈ ಹಳಿಯನ್ನೇ ಮುಚ್ಚುತ್ತಾರೆ.

ಖುಷಿಯ ಮಾತಾಡುವಾಗ

ಇಷ್ಟೆಲ್ಲ ಬರೆಯುವಾಗ ಒಂದು ಅಳುಕು ಇದ್ದೇ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಮನೆ, ತೋಟ ಸಮೇತ ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಚಹಾ ಕುಡಿಯಲು ನಿಲ್ಲಿಸಿದ್ದವರು, ಚಹಾ ಮಾಡುತ್ತಿದ್ದವರು, ಎಲ್ಲರೂ ಅದರಡಿ, ಪಕ್ಕದ ಗಂಗಾವಳಿ ನದಿಯಲ್ಲಿ. ಅದಾಗಿ ಎರಡು ವಾರಕ್ಕೆ, ಜುಲೈ 30ರ ಬೆಳಗಿನ ಜಾವ, ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಮತ್ತೆ ಗುಡ್ಡ ಕುಸಿಯಿತು. ಇದೇ ಮಳೆ, ಇದೇ ಘಟ್ಟ. ಕಡಿದಾಗಿ ಕಡಿದ ರಸ್ತೆಯಂಚು, ಬೋಳಾದ ಇಳಿಜಾರು, ಒಂದೇ ದಿನಕ್ಕೆ ಸುರಿಯುವ ತಿಂಗಳ ಮಳೆ, ಇವು ಸೇರಿದರೆ ಏನಾಗುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು.

ಹಾಗಂತ ಖುಷಿ ಪಡುವುದೇ ತಪ್ಪು ಅಂತ ನಾನು ಅನ್ನುವುದಿಲ್ಲ. ಅಲ್ಲಿಯ ಜನವೂ ಮಳೆಯನ್ನು ಪ್ರೀತಿಸುತ್ತಾರೆ, ಹೆದರುತ್ತಾರೆ, ಬೈಯುತ್ತಾರೆ, ಎಲ್ಲ ಒಟ್ಟಿಗೇ. ಆದರೆ ಹೋದವರು ಭಾರ ಆಗಬಾರದು. ಶನಿವಾರ ಭಾನುವಾರ ಚಾರ್ಮಾಡಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಹಾಡು ಹಾಕಿ, ಜಾರುವ ಬಂಡೆ ಹತ್ತಿ ಕುಣಿಯುವವರಿದ್ದಾರಲ್ಲ, ಅವರ ಹಿಂದೆ ಆಂಬುಲೆನ್ಸ್ ಹಾರ್ನ್ ಹೊಡೆಯುತ್ತಿದ್ದರೂ ಕೇಳಿಸುವುದಿಲ್ಲ. ಘಟ್ಟದ ರಸ್ತೆ ಅಂದರೆ ಕೆಳಗಿನ ಆಸ್ಪತ್ರೆಗೆ ಹೋಗುವ ದಾರಿ ಅಂತ ಅವರಿಗೆ ಹೊಳೆಯುವುದೇ ಇಲ್ಲ. ಮಳೆಗಾಲದ ಊರು ನಿಮಗಾಗಿ ಕಾಯುತ್ತಿಲ್ಲ ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ತನ್ನ ಪಾಡಿಗೆ ಇರುವವರ ಮಧ್ಯೆ ನಾವು ಸದ್ದು ಮಾಡದೆ ಇರಬೇಕು.

ಒಂದು ವರ್ಷ ಬ್ಯಾಗ್ ಕಟ್ಟಿ ಮುಗಿಸಿದ್ದೆ. ಹಿಂದಿನ ರಾತ್ರಿ ದೊಡ್ಡಪ್ಪನ ಫೋನು. "ಹಳ್ಳ ರಸ್ತೆ ಮೇಲೆ ಬಂದಿದೆ. ಬರಬೇಡಿ ಈ ವಾರ." ಮುಲಾಜಿಲ್ಲದ ಮಾತು. ಬ್ಯಾಗ್ ಬಿಚ್ಚಿದೆ. ಬೇಸಿಗೆಯಲ್ಲಿ ಯಾವ ಮನೆಯವರೂ ಹೀಗೆ ನೇರವಾಗಿ ಬರಬೇಡಿ ಅನ್ನುವುದಿಲ್ಲ.

ಹೋಗುವವರಿಗೆ

ಕೇಳುವವರು ಇದ್ದೇ ಇರುತ್ತಾರೆ, ಅದಕ್ಕೆ ಹೇಳುತ್ತೇನೆ. ಯಾವಾಗ ಹೋಗಬೇಕು ಅಂದರೆ ನನ್ನ ವೋಟು ಪುಷ್ಯ ಮಳೆಗೆ, ಅಂದರೆ ಜುಲೈ ಮೂರನೇ ವಾರದ ನಂತರ. ಅಷ್ಟು ಹೊತ್ತಿಗೆ ನೆಟ್ಟಿ ನಡೆಯುತ್ತಿರುತ್ತದೆ, ಹಳ್ಳಗಳು ತುಂಬಿರುತ್ತವೆ. ರೆಡ್ ಅಲರ್ಟ್ ಇದ್ದರೆ ಹೊರಡಲೇಬೇಡಿ, ಹೊರಟಿದ್ದರೆ ಇದ್ದಲ್ಲೇ ಇರಿ. ವಾರದ ಮಧ್ಯೆ ಹೋಗಿ. ಒಂದೇ ಊರಿಗೆ ಹೋಗಿ, ಅಲ್ಲೇ ಇರಿ. ದಿನಕ್ಕೆ ನಾಲ್ಕು ಜಾಗ ಅಂತ ಪಟ್ಟಿ ಮಾಡಿಕೊಂಡು ಹೋದರೆ ನಾಲ್ಕು ಕಡೆಯೂ ಅದೇ ಮಂಜು ಸಿಗುತ್ತದೆ, ಬೈಗುಳ ಮಾತ್ರ ನಾಲ್ಕು ಪಟ್ಟು.

ರೇನ್‌ಕೋಟಿಗಿಂತ ಕೊಡೆ ಮೇಲು. ರೇನ್‌ಕೋಟಿನೊಳಗೆ ಬೆವರಿಗೇ ಒದ್ದೆಯಾಗುತ್ತೀರಿ, ಜೊತೆಗೆ ಯಾರ ಮನೆ ಬಾಗಿಲಿಗೆ ಹೋದರೂ ಅದನ್ನು ಬಿಚ್ಚುವುದೇ ಒಂದು ರಾಮಾಯಣ. ಉದ್ದ ಕೊಡೆ ಒಯ್ಯಿರಿ, ಮಡಚುವ ಕೊಡೆ ಘಟ್ಟದ ಗಾಳಿಗೆ ಅರ್ಧ ದಿನ ಬಾಳುವುದಿಲ್ಲ. ಶೂ ಬೇಡ, ರಬ್ಬರ್ ಚಪ್ಪಲಿ ಸಾಕು. ಇಂಬಳ ಹತ್ತಿದರೆ ಕಣ್ಣಿಗಾದರೂ ಕಾಣಿಸುತ್ತದೆ. ಜೀನ್ಸ್ ಪ್ಯಾಂಟು ಖಂಡಿತ ಬೇಡ. ಬಟ್ಟೆ ಕಡಿಮೆ ಇರಲಿ, ಒಳಬಟ್ಟೆ ಜಾಸ್ತಿ ಇರಲಿ, ಯಾಕೆಂದರೆ ಬಚ್ಚಲ ಹಗ್ಗದ ಮೇಲೆ ಅದನ್ನು ಎಲ್ಲರ ಬಟ್ಟೆಯ ಜೊತೆ ಹರವುವುದಕ್ಕೆ ಮೊದಲ ದಿನ ನಾಚಿಕೆಯಾಗುತ್ತದೆ. ಎರಡನೇ ದಿನ ಆಗುವುದಿಲ್ಲ.